ಬಾರದ ಜೀಪಿನ ಬೀಗರು

ನನಗೆ ಸೈಕಲ್ಲೊಂದನ್ನು ಬಿಟ್ಟು ಬೇರೆ ಯಾವ ವಾಹನವನ್ನೂ ಓಡಿಸಲು ಬಾರದು. ಅದನ್ನೂ ಎದುರಿಗೆ ಲಾರಿ ಬಂದರೆ ಇಳಿದು ತಳ್ಳಿಕೊಂಡು ಹೋಗುವವನು ನಾನು. ಆದರೂ ತೊಂಬತ್ತರ ದಶಕದಲ್ಲಿ ಕೆಲವು ಕಾಲ, ಪಾಂಡವಪುರದ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ, ಇಂಜಿನ್ನುಗಳ ವಿಷಯಕ್ಕೆ ನನ್ನ ಮಾತಿಗಿದ್ದ ಬೆಲೆ ಯಾವ ಮೆಕ್ಯಾನಿಕ್ಕಿನ ಮಾತಿಗೂ ಇರಲಿಲ್ಲ. ಕಾರಣ ಇಷ್ಟೆ: ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು, ಮೈಸೂರಿನಲ್ಲಿದ್ದ ನನ್ನ ಭಾವಮೈದ ತಾನು ಓದಿ ಮುಗಿಸಿದ ಮೋಟಾರು ಪತ್ರಿಕೆಗಳನ್ನು ರದ್ದಿಗೆ ಹಾಕುವ ಬದಲು ನನಗೆ ಕೊಡುತ್ತಿದ್ದ.

ಆಗ ನಾನು ಶ್ರೀರಂಗಪಟ್ಟಣದ ಹೈಸ್ಕೂಲೊಂದರಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಮನೆ ಪಾಂಡವಪುರದಲ್ಲಿ. ಸಂಜೆ ಬಸ್ಸಿನಿಂದ ಇಳಿದವನ ಕಾಲು ಮನೆಯ ಕಡೆಗೆ ಹೋಗದೆ ಟೀ ಹೋಟೆಲಿನ ಬೆಂಚಿನ ಕಡೆಗೆ ಹೋಗುತ್ತಿತ್ತು. ಅಲ್ಲಿ ಇಬ್ಬರು ನನಗಾಗಿ, ಅಂದರೆ ನನ್ನ ಕಂಕುಳಲ್ಲಿದ್ದ ಪತ್ರಿಕೆಗಾಗಿ, ಕಾದಿರುತ್ತಿದ್ದರು.

ಒಬ್ಬರು ತೊಣ್ಣೂರಿನ ಚಿಕ್ಕೇಗೌಡರು. ಕಬ್ಬು, ಭತ್ತ, ಒಂದು ಟ್ರಾಕ್ಟರು, ಯಾವ ಕಾಲದ್ದೆಂದು ಹೇಳಲಾಗದ ಒಂದು ಡೀಸೆಲ್ ಜೀಪು. ಡೀಸೆಲ್ ವಾಸನೆ ಅವರ ಮೂಗಿಗೆ ಮೈಸೂರು ಮಲ್ಲಿಗೆ. ಇನ್ನೊಬ್ಬರು ಬೋರೇಗೌಡರು. ಹಿರಿಯರ ಮನೆ ಬಿಂಡಿಗನವಿಲೆಯಲ್ಲಿ; ಸಂಸಾರ ಮತ್ತು ಅಂಗಡಿ ಪಾಂಡವಪುರದಲ್ಲಿ, ಹೋಟೆಲಿನ ಪಕ್ಕದಲ್ಲೇ. ಬ್ಯಾಟರಿ ಚಾರ್ಜು ಮಾಡುವ ಅಂಗಡಿ. ಕರೆಂಟು ಯಾವಾಗ ಹೋಗುತ್ತದೋ ಯಾರಿಗೂ ಗೊತ್ತಿರದ ಕಾಲವದು. ಭಾನುವಾರದ ಟೀವಿ ಸಿನಿಮಾ ತಪ್ಪಬಾರದೆಂದು ಸುತ್ತಲ ಹಳ್ಳಿಯ ಜನ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಹುಷಾರಿಲ್ಲದ ಮಗುವನ್ನು ಆಸ್ಪತ್ರೆಗೆ ತಂದಂತೆ ಅವರಲ್ಲಿಗೆ ತರುತ್ತಿದ್ದರು. ದಿನವೂ ಇದನ್ನು ಕಾಣುವ ಮನುಷ್ಯನಿಗೆ ಪ್ರಪಂಚವೇ ಬ್ಯಾಟರಿಯ ಮೇಲೆ ನಿಂತಿದೆ ಅನ್ನಿಸಿದರೆ ತಪ್ಪೇನು?

ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಯಾವುದೋ ಕಂಪನಿಯವರು ಜೀಪಿನಷ್ಟು ಎತ್ತರವಿದ್ದು ಕಾರಿನಷ್ಟು ಮೆತ್ತಗಿರುವ, ಇಡೀ ಮನೆಮಂದಿ ಕೂರಬಹುದಾದ ದೊಡ್ಡ ಗಾಡಿಯೊಂದನ್ನು ತರಲಿದ್ದಾರಂತೆ. ಇಂಜಿನ್ನು ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲವಂತೆ. ನಾನು ಇಷ್ಟನ್ನು ಕನ್ನಡದಲ್ಲಿ ಹೇಳಿ ಟೀ ಲೋಟ ಕೆಳಗಿಡುವಷ್ಟರಲ್ಲಿ ಯುದ್ಧ ಶುರುವಾಗಿತ್ತು.

"ತೀರ್ಮಾನ ಆಗಿಲ್ಲ ಅಂದ್ರೇನ್ಲಾ? ಡೀಸೆಲ್ಲು ಅಂತ ಯೋಳಕ್ಕೆ ನಾಚ್ಕಂತಾವ್ರೆ ಅಷ್ಟೆಯ," ಎಂದರು ಚಿಕ್ಕೇಗೌಡರು.

"ಡೀಸೆಲ್ ಆಗಿದ್ರೆ ಯೋಚ್ನೆ ಯಾಕ್ ಮಾಡ್ತಿದ್ರು? ಯೋಚ್ನೆ ಮಾಡ್ತಾವ್ರೆ ಅಂದ್ರೇನೇ ಬ್ಯಾಟ್ರಿ ಕಣ್ಲಾ," ಎಂದರು ಬೋರೇಗೌಡರು.

"ನಿನ್ ಬ್ಯಾಟ್ರಿಗೆ ಕರೆಂಟು ನಿಮ್ಮಪ್ಪ ಕೊಡ್ತಾನಾ?"

"ಡೀಸೆಲ್ಲೇನು ನಿಮ್ಮ ಕೆರೇಲಿ ಉಟ್ತದಾ?"

ನಾನು ಚರಿತ್ರೆಯ ಮೇಷ್ಟ್ರು. ಕೋಟೆಗಾಗಿ, ನದಿಗಾಗಿ, ಸಿಂಹಾಸನಕ್ಕಾಗಿ ನಡೆದ ಯುದ್ಧಗಳನ್ನು ಹುಡುಗರಿಗೆ ಉರುಹೊಡೆಸಿದವನು. ಆ ಯುದ್ಧಗಳಿಗೆಲ್ಲ ಕಡೇ ಪಕ್ಷ ಒಂದು ವಸ್ತು ಇರುತ್ತಿತ್ತು. ಇನ್ನೂ ಹುಟ್ಟದ, ಹುಟ್ಟಿದರೂ ತಾವು ಕೊಳ್ಳಲಾಗದ ಗಾಡಿಯೊಂದರ ಹೊಟ್ಟೆಯೊಳಗೆ ಏನಿರಬೇಕೆಂದು ನಡೆದ ಯುದ್ಧವನ್ನು ನಾನು ಕಂಡದ್ದು ಅಲ್ಲೇ ಮೊದಲು. ಒಮ್ಮೆ ರಾಜಿ ಮಾಡಿಸಲು ಹೋಗಿ, ಶ್ರೀರಂಗಪಟ್ಟಣದ ಕೋಟೆಯಿಂದ ಸುಲ್ತಾನರ ಕಾಲದಲ್ಲಿ ಹಾರಿದ ರಾಕೆಟ್ಟುಗಳಿಗೆ ಡೀಸೆಲ್ಲೂ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ ಎಂದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. "ಅದ್ಕೇ ಸೋತಿದ್ದು," ಎಂದರು ಚಿಕ್ಕೇಗೌಡರು. ಅದೊಂದು ವಿಷಯದಲ್ಲಿ ಬೋರೇಗೌಡರೂ ತಲೆಯಾಡಿಸಿದರು.

ಇದು ಇಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಚಿಕ್ಕೇಗೌಡರ ಮಗ ಮಹದೇವ ತಮ್ಮ ಟ್ರಾಕ್ಟರಿನ ಬ್ಯಾಟರಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಚಾರ್ಜಿಗೆ ತರುತ್ತಿದ್ದ. ಅಂಗಡಿಯಲ್ಲಿ ಬೋರೇಗೌಡರ ಮಗಳು ಪ್ರೇಮ ಕೂರುತ್ತಿದ್ದಳು. ಬಿ.ಕಾಂ. ಮುಗಿಸಿ ಅಪ್ಪನಿಗೆ ಕೈಜೋಡಿಸಿದ್ದ ಹುಡುಗಿ. ತುಂಬಿದ ಬ್ಯಾಟರಿಯನ್ನೇ ತಂದು "ಯಾಕೋ ಇಳ್ದೋಗೈತೆ" ಎನ್ನುತ್ತಿದ್ದ ಮಹದೇವ. ಅವಳು ಮೀಟರು ಹಿಡಿದು ನೋಡಿ, ಒಳಗಿಟ್ಟುಕೊಂಡು "ನಾಳಿದ್ದು ಬಾ" ಎನ್ನುತ್ತಿದ್ದಳು. ಬೆಂಚಿನಲ್ಲಿ ಕೂತ ನನಗೆ ಇದು ಕಾಣುತ್ತಿತ್ತು. ಅಪ್ಪಂದಿರಿಬ್ಬರಿಗೆ ಕಾಣುತ್ತಿರಲಿಲ್ಲ. ಅವರು ಇಂಜಿನ್ನು ನೋಡುತ್ತಿದ್ದರು.

ನಾನೇ ಮಧ್ಯಸ್ಥಿಕೆ ವಹಿಸಿ ಮಾತು ತೆಗೆದೆ. ಕುಲ, ಗೋತ್ರ, ಜಾತಕ ಎಲ್ಲವೂ ಹೊಂದಿತು. ಇಬ್ಬರೂ ಸಂತೋಷದಿಂದ ಒಪ್ಪಿದರು. ಬಿಂಡಿಗನವಿಲೆಯ ಹಿರಿಯರ ಮನೆಯಲ್ಲಿ, ಊಟವಾದ ಮೇಲೆ ವೀಳ್ಯ ಬದಲಾಯಿಸುವುದೆಂದು ಗೊತ್ತಾಯಿತು.

ಒಬ್ಬಟ್ಟಿನ ಮೇಲೆ ತುಪ್ಪ ಬೀಳುತ್ತಿದ್ದಾಗ ಚಿಕ್ಕೇಗೌಡರು ಖುಷಿಯಲ್ಲಿ ಒಂದು ಮಾತಾಡಿದರು. "ಮದ್ವೆ ಒತ್ಗೆ ಆ ಒಸ ಗಾಡಿ ಬಂದ್ರೆ ಒಂದಿನಕ್ಕೆ ಬಾಡ್ಗೆಗಾದ್ರೂ ತಂದು ಸೊಸೇನ ಅದ್ರಲ್ಲೇ ಕರ್ಕಂಡೋಗದು. ಡೀಸೆಲ್ ಗಾಡಿ, ಗುಡುಗ್ದಂಗೆ ಬರ್ತದೆ."

ಬೋರೇಗೌಡರ ಕೈ ಎಲೆಯ ಮೇಲೇ ನಿಂತಿತು. "ನನ್ ಮಗ್ಳು ಒಗೆ ಕುಡ್ಕಂಡು ಗಂಡನ್ ಮನೆಗೆ ಓಗಕಿಲ್ಲ ಬುಡಿ. ಅದು ಬ್ಯಾಟ್ರಿ ಗಾಡಿ."

"ಬ್ಯಾಟ್ರಿ ಗಾಡಿ ಅರ್ಧ ದಾರೀಲಿ ನಿಂತೋದ್ರೆ ಮದ್ಲಗಿತ್ತಿ ಇಳ್ದು ತಳ್ತಾಳಾ?"

ಪಂಕ್ತಿಯಲ್ಲಿ ಯಾರೋ ನಕ್ಕರು. ಆ ನಗು ಕೆಲಸ ಕೆಡಿಸಿತು. ಬೋರೇಗೌಡರು ಅರ್ಧ ಊಟಕ್ಕೇ ಎದ್ದು ಕೈತೊಳೆದು ಬಂದು ನಿಂತು ಹೇಳಿದರು: "ಇಂಜಿನ್ನು ಯಾವ್ದು ಅಂತ ಇತ್ಯರ್ಥ ಆಗ್ಲಿ. ಆಮ್ಯಾಕೆ ಲಗ್ನದ ಮಾತು."

"ಆಗ್ಲಿ. ನಮ್ಗೇನ್ ಅವ್ಸರ?" ಎಂದು ಚಿಕ್ಕೇಗೌಡರೂ ಎದ್ದರು. ಎಲೆ ಅಡಿಕೆಯ ತಟ್ಟೆ ಜಮಖಾನದ ಮೇಲೆ ಹಾಗೆಯೇ ಉಳಿಯಿತು.

ಅಂದಿನಿಂದ ಹೋಟೆಲಿನ ಬೆಂಚು ಬಿಕೋ ಎಂದಿತು. ದಾರಿಯಲ್ಲಿ ಎದುರಾದರೆ ಇಬ್ಬರೂ "ತಾವು ಸೌಖ್ಯವಾ?" "ತಮ್ಮ ದಯ" ಎಂದು ಮಾತಾಡಿಕೊಳ್ಳತೊಡಗಿದರು. ನಮ್ಮ ಕಡೆ ಗಂಡಸರು ಪರಸ್ಪರ 'ಲೇ' ಎನ್ನುತ್ತಿರುವ ತನಕ ಎಲ್ಲ ಸರಿಯಿದೆ ಎಂದು ಅರ್ಥ. ಅವರ ಬಾಯಲ್ಲಿ ಬಹುವಚನ ಬಂತೆಂದರೆ ಹೆದರಬೇಕು.

ನಾನು ಎಸ್‌.ಟಿ.ಡಿ. ಬೂತಿಗೆ ಹೋಗಿ ಭಾವಮೈದನಿಗೆ ಫೋನು ಮಾಡಿ, ಆ ಗಾಡಿಯ ಇಂಜಿನ್ನು ಗೊತ್ತಾಯಿತೇ ಎಂದು ವಿಚಾರಿಸಿದೆ. "ಭಾವ, ಕೊಳ್ಳೋ ಯೋಚನೆಯೇ?" ಎಂದ. "ಇಲ್ಲ, ಒಂದು ಮದುವೆ ನಿಂತಿದೆ," ಎಂದೆ. ಅವನು ಗಾಡಿಯ ಮಾತು ಬಿಟ್ಟು ನನ್ನ ಆರೋಗ್ಯ ವಿಚಾರಿಸಿದ.

ಒಂದು ಸಂಜೆ ಪ್ರೇಮ ನನ್ನನ್ನು ಅಂಗಡಿಯ ಮುಂದೆ ತಡೆದಳು. "ಮೇಷ್ಟ್ರೇ, ಆ ಗಾಡಿ ಯಾವಾಗ್ ಬತ್ತದೆ?"

"ಯಾರಿಗೆ ಗೊತ್ತಮ್ಮ. ವರ್ಷಗಳೇ ಆಗಬಹುದು."

"ಅಲ್ಲೀಗಂಟ ನಾನು ಬ್ಯಾಟ್ರಿಗೆ ನೀರ್ ಉಯ್ಕಂಡು ಕುಂತಿರ್ಬೇಕಾ? ಕೆ.ಆರ್. ಪೇಟೆಯಿಂದ ನಮ್ಮ ಸೋದರತ್ತೆ ಬೇರೆ ಗಂಡು ತತ್ತಾವ್ರೆ. ಅಪ್ಪ ಊ ಅಂದ್ರೂ ಅಂದಾರು." ಧ್ವನಿ ಗಟ್ಟಿಯಾಗಿಯೇ ಇತ್ತು, ಕೈಯಲ್ಲಿದ್ದ ಜಗ್ಗಿನ ನೀರು ಮಾತ್ರ ತುಳುಕುತ್ತಿತ್ತು. ಅಷ್ಟು ದಿನ ತಮಾಷೆಯಾಗಿದ್ದದ್ದು ಆ ನೀರು ನೋಡಿದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ.

ಅಷ್ಟರಲ್ಲಿ ಬೋರೇಗೌಡರು ತಾವೇ ಒಂದು ಬ್ಯಾಟರಿ ಗಾಡಿ ಮಾಡಿ ತೋರಿಸುವೆನೆಂದು ಹೊರಟಿದ್ದರು. ಹಳೆಯ ಲಗೇಜು ಆಟೋವೊಂದರ ಇಂಜಿನ್ನು ಕಿತ್ತೆಸೆದು, ಗುಜರಿಯಿಂದ ತಂದ ಮೋಟರು ಕೂರಿಸಿ, ಹಿಂದೆ ಸಾಲಾಗಿ ಬ್ಯಾಟರಿ ಜೋಡಿಸಿದರು. ಮೋಟರು ಅಲ್ಲಾಡದಾಗ ಇನ್ನೊಂದು ಸಾಲು ಇಟ್ಟರು. ಕೊನೆಗೆ ಗಾಡಿ ಓಡಿತು. ಆದರೆ ಅದರೊಳಗೆ ಒಬ್ಬರೂ ಕೂರಲು ಜಾಗ ಉಳಿದಿರಲಿಲ್ಲ. ಬೋರೇಗೌಡರೇ ಹ್ಯಾಂಡಲಿನ ಹತ್ತಿರ ಒಂದು ತೊಡೆ ಒಳಗೆ, ಒಂದು ತೊಡೆ ಹೊರಗೆ ಇಟ್ಟು ಕೂರಬೇಕಿತ್ತು. "ಮೊದ್ಲು ಓಡ್ಲಿ ಮೇಷ್ಟ್ರೇ, ಜನ ಆಮ್ಯಾಕೆ ಕೂರ್ತಾರೆ," ಎಂದರು. ವಿಜ್ಞಾನದ ಇತಿಹಾಸದಲ್ಲಿ ಈ ಮಾತನ್ನು ಇನ್ನೂ ಎಷ್ಟು ಜನ ಆಡಿರಬಹುದೋ.

ಪರೀಕ್ಷೆ ತೊಣ್ಣೂರು ಕೆರೆಯ ಏರಿಯ ಮೇಲೆ, ಚಿಕ್ಕೇಗೌಡರ ಕಣ್ಣೆದುರಿಗೇ ಆಗಬೇಕೆಂದು ನಿಶ್ಚಯವಾಯಿತು. ಒಂದು ಬೆಳಿಗ್ಗೆ ಆ ಗಾಡಿಯನ್ನು ಲಾರಿಯಲ್ಲಿ ತಂದು ಏರಿಯ ಬುಡದಲ್ಲಿ ಇಳಿಸಿದರು. ನಾನು, ಪ್ರೇಮ ಒಂದು ಕಡೆ. ತಮ್ಮ ಜೀಪಿನಲ್ಲಿ ಬಂದ ಚಿಕ್ಕೇಗೌಡರು, ಮಹದೇವ ಇನ್ನೊಂದು ಕಡೆ. ಗಾಡಿ ಸದ್ದಿಲ್ಲದೆ ಹೊರಟಿತು. ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೈ ಬಾಯಿಗಿಟ್ಟುಕೊಂಡು, "ಯಾರೂ ತಳ್ತಿಲ್ಲ, ಅದ್ರಪಾಡ್ಗದು ಓಯ್ತಾ ಐತಲ್ಲಪ್ಪೋ!" ಎಂದಳು. ಸದ್ದು ಕೇಳಿ ದಾರಿ ಬಿಡುವುದನ್ನು ಕಲಿತಿದ್ದ ಎಮ್ಮೆಗಳು ಕದಲಲೇ ಇಲ್ಲ. ಬೋರೇಗೌಡರೇ ಬಾಯಲ್ಲಿ "ಡುರ್ರ್... ಡುರ್ರ್..." ಎಂದು ಇಂಜಿನ್ನಿನ ಸದ್ದು ಮಾಡುತ್ತ ದಾರಿ ಬಿಡಿಸಿಕೊಂಡರು.

"ನೋಡಿ ಮೇಷ್ಟ್ರೇ," ಎಂದರು ಚಿಕ್ಕೇಗೌಡರು ತೃಪ್ತಿಯಿಂದ, "ಬಾಯಲ್ಲಾದ್ರೂ ಡೀಸೆಲ್ ಬೇಕಾಯ್ತು."

ಏರಿನ ಅರ್ಧಕ್ಕೆ ಹೋಗುವಷ್ಟರಲ್ಲಿ ಮೋಟರಿನಿಂದ ಹೊಗೆ ಬಂತು. ಗಾಡಿ ನಿಂತಿತು. ಬೋರೇಗೌಡರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಅದರ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಎದ್ದುಹೋಗುತ್ತಾರೇನೋ ಅಂದುಕೊಂಡೆ, ಹೋಗಲಿಲ್ಲ. ಚಿಕ್ಕೇಗೌಡರು ಗೆದ್ದ ಗತ್ತಿನಲ್ಲಿ, "ತಾವು ಯೋಚ್ನೆ ಮಾಡ್ಬೇಡಿ, ನಮ್ಮ ಡೀಸೆಲ್ ಜೀಪು ಎಳ್ಕಂಡ್ ಬತ್ತದೆ," ಎಂದು ಕೀಲಿ ತಿರುಗಿಸಿದರು. ಜೀಪು ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಲಿಲ್ಲ. ಬ್ಯಾಟರಿ ಇಳಿದುಹೋಗಿತ್ತು. ಮುಂದೆ ಏರು, ಹಿಂದೆ ಗದ್ದೆ. ತಳ್ಳಿ ಎಬ್ಬಿಸಲೂ ಜಾಗವಿರಲಿಲ್ಲ.

ಬಿಸಿಲಿನಲ್ಲಿ ಎರಡು ಗಾಡಿ ನಿಂತಿದ್ದವು. ಮೇಲಿನದರಲ್ಲಿ ಸುಟ್ಟ ಮೋಟರು, ತುಂಬಿದ ಬ್ಯಾಟರಿ. ಕೆಳಗಿನದರಲ್ಲಿ ತುಂಬಿದ ಡೀಸೆಲ್ಲು, ಸತ್ತ ಬ್ಯಾಟರಿ. ಹಿರಿಯರಿಬ್ಬರೂ ಕೂತ ಕಡೆಯಿಂದಲೇ ಇದು ಯಾರ ಸೋಲು ಎಂದು ಕೂಗಾಡತೊಡಗಿದರು. ಆ ಕೂಗಾಟದ ನಡುವೆ ಪ್ರೇಮ ಹೋಗಿ ಅಪ್ಪನ ಗಾಡಿಯಿಂದ ಒಂದು ಬ್ಯಾಟರಿಯ ವೈರು ಬಿಚ್ಚಿದಳು. ಮಹದೇವ ಮೇಲೆ ಹತ್ತಿ ಬಂದು ಅದರ ಇನ್ನೊಂದು ಹಿಡಿಗೆ ಕೈಹಾಕಿದ. ಇಬ್ಬರೂ ಆ ಭಾರವನ್ನು ನಡುವೆ ಹಿಡಿದು, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹೊಂದಿಸುತ್ತ, ಇಳಿದು ಬಂದರು. ಅವರು ಜೊತೆಯಾಗಿ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜೀಪು ಗುಡುಗಿತು. ಹಗ್ಗ ಕಟ್ಟಿ ಬ್ಯಾಟರಿ ಗಾಡಿಯನ್ನು ಏರಿಯ ಮೇಲಕ್ಕೆ ಎಳೆದದ್ದಾಯಿತು. ಇನ್ನಾದರೂ ರಾಜಿಯಾಗುತ್ತದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಬೋರೇಗೌಡರು ಎಂದರು, "ನೋಡ್ದೇನ್ಲಾ, ನಿನ್ ಇಂಜಿನ್ ಎಬ್ಸಿದ್ದು ನನ್ ಬ್ಯಾಟ್ರಿ."

"ಲೇ ಬೋರ, ನಿನ್ ಬ್ಯಾಟ್ರಿ ಗಾಡೀನ ಎಳ್ದಿದ್ದು ನನ್ ಡೀಸೆಲ್ಲು ಕಣ್ಲಾ!"

'ಲೇ' ಕೇಳಿ ನನಗೆ ಜೀವ ಬಂತು. ಆದರೆ ಪ್ರೇಮಳಿಗೆ ಸಾಕಾಗಿತ್ತು. ಸೆರಗಿಗೆ ಕೈ ಒರೆಸಿಕೊಂಡು ಇಬ್ಬರ ಮಧ್ಯೆ ಬಂದು ನಿಂತಳು.

"ಅಪ್ಪಾ, ಮಾವಾ, ನೀವಿಬ್ರೂ ಇಲ್ಲೇ ಇತ್ಯರ್ಥ ಮಾಡ್ಕಳಿ. ನಾಗಮಂಗ್ಲದಲ್ಲಿ ರಿಜಿಸ್ಟ್ರಾರ್ ಆಪೀಸೈತೆ. ನಾವಿಬ್ರೂ ಬಸ್ಸತ್ಕಂಡ್ ಓಯ್ತೀವಿ."

ಮಹದೇವನ ಮುಖ ನೋಡಿದರೆ ಅವನಿಗೂ ಇದು ಆಗಲೇ ಗೊತ್ತಾದದ್ದು. ಆದರೂ ಒಂದು ಹೆಜ್ಜೆ ಮುಂದೆ ಬಂದು ಅವಳ ಪಕ್ಕದಲ್ಲಿ ನಿಂತ.

"ಬಸ್ಸಾ?" ಎಂದರು ಚಿಕ್ಕೇಗೌಡರು.

"ಬಸ್ಸಲ್ಲಾ?" ಎಂದರು ಬೋರೇಗೌಡರು.

ರಿಜಿಸ್ಟ್ರಾರ್ ಆಫೀಸಿನ ಮಾತು ಅವರ ಕಿವಿಗೆ ಬಿದ್ದಿತೋ ಇಲ್ಲವೋ. ತಮ್ಮ ಮಗಳು, ತಮ್ಮ ಸೊಸೆ, ತರಕಾರಿ ಮೂಟೆಗಳ ನಡುವೆ ಕಂಬಿ ಹಿಡಿದು ನಿಂತುಕೊಂಡು ಮದುವೆಗೆ ಹೋಗುವುದೇ? ಗಾಡಿಗಳ ಬಗ್ಗೆ ಇಷ್ಟೆಲ್ಲ ತಿಳಿದ ಇಬ್ಬರು ಗಂಡಸರು ಇನ್ನೂ ಬದುಕಿರುವಾಗ? ಮೊಟ್ಟಮೊದಲ ಬಾರಿಗೆ ಅವರಿಗೊಬ್ಬ ಸಮಾನ ಶತ್ರು ಸಿಕ್ಕಿದ್ದ. ಅಲ್ಲೇ ಏರಿಯ ಮೇಲೆ, ಎಮ್ಮೆಯ ಮುದುಕಿಯ ಅಡಿಕೆಚೀಲದಿಂದ ಎಲೆ ಅಡಿಕೆ ಈಸಿಕೊಂಡು, ವೀಳ್ಯ ಬದಲಾಯಿಸಿಬಿಟ್ಟರು.

ಮದುವೆ ನಾಗಮಂಗಲದ ಛತ್ರದಲ್ಲಿ ಚೆನ್ನಾಗಿಯೇ ಆಯಿತು. ಮೆರವಣಿಗೆ ಹೊರಟದ್ದು ಚಿಕ್ಕೇಗೌಡರ ಜೀಪಿನಲ್ಲಿ. ಜೀಪಿನ ಸುತ್ತ ಮಿನುಗಿದ ಸೀರಿಯಲ್ ಸೆಟ್ಟಿಗೆ ಬೋರೇಗೌಡರ ಬ್ಯಾಟರಿ. ದೀಪ ಆರಲಿಲ್ಲ, ಜೀಪೂ ನಿಲ್ಲಲಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಭಾವಮೈದ ಮಾತಿನ ನಡುವೆ, ಆ ದೊಡ್ಡ ಗಾಡಿಯ ಯೋಚನೆಯನ್ನೇ ಕಂಪನಿಯವರು ಕೈಬಿಟ್ಟರಂತೆ ಎಂದ. ನಾನು ತಟ್ಟನೆ ತಲೆಯೆತ್ತಿ ನೋಡಿದೆ. ಎದುರು ಸಾಲಿನಲ್ಲಿ ಇಬ್ಬರೂ ಬೀಗರು ತೊಡೆಗೆ ತೊಡೆ ತಾಗಿಸಿಕೊಂಡು ಕೂತಿದ್ದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಪಾಪ, ಬರ್ಬೇಕಿತ್ತು," ಎಂದರು ಬೋರೇಗೌಡರು.

"ಬಂದಿದ್ದರೆ ನಿಮ್ಮಲ್ಲಿ ಯಾರು ಕೊಳ್ಳುತ್ತಿದ್ದಿರಿ?" ಎಂದು ಕೇಳಿಯೇಬಿಟ್ಟೆ.

ಚಿಕ್ಕೇಗೌಡರು ಸಾರನ್ನ ಕಲೆಸುವುದನ್ನು ನಿಲ್ಲಿಸಿ, ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದರು. "ಅಲ್ಲ ಮೇಷ್ಟ್ರೇ, ತಗಳೋರ್ಗೆ ಮಾತಾಡಕ್ಕೆ ಪುರ್ಸೊತ್ತೆಲ್ಲೈತೆ? ಅವ್ರು ತಗತಾರೆ, ಅತ್ಕತಾರೆ, ಓಯ್ತಾ ಇರ್ತಾರೆ. ಗಾಡಿ ಸುಖ ಪೂರ್ತಿ ಉಣ್ಣೋರು ನಾವೇ ಅಲ್ವಾ?" ಎಂದು, ಬೀಗರ ಎಲೆಗೆ ಇನ್ನೊಂದು ಸೌಟು ಸಾರು ಬಡಿಸುವಂತೆ ಬಡಿಸುವವನಿಗೆ ಸನ್ನೆ ಮಾಡಿದರು.