ಅವ್ವ ತಿರುಗಿಸಿದ ಬೀಸುವ ಕಲ್ಲು

ಬಿ.ಎಸ್ಸಿ.ಯ ಭೌತಶಾಸ್ತ್ರ ಪ್ರಾಕ್ಟಿಕಲ್‌ನಲ್ಲಿ ನಾನು ಒಮ್ಮೆ ಫೇಲಾಗಿದ್ದೆ. ತಿರುಗುವ ಚಕ್ರದ ಕೋನೀಯ ವೇಗ ಅಳೆಯುವಾಗ ಗಾಬರಿಯಲ್ಲಿ ಸುತ್ತುಗಳ ಎಣಿಕೆ ತಪ್ಪಿತ್ತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇನ್ನೊಮ್ಮೆ ಫೇಲಾದರೆ ಓದು ಅಲ್ಲಿಗೇ ಮುಗಿಯುತ್ತಿತ್ತು.

ಯಲಹಂಕದ ನಮ್ಮ ಮನೆಯಲ್ಲಿ ತಿರುಗುವಂಥದ್ದು ಅಂತ ಇದ್ದದ್ದು ರಾಗಿ ಬೀಸುವ ಕಲ್ಲು. ಸುತ್ತು ಎಣಿಸುವ ಅಭ್ಯಾಸಕ್ಕೆಂದು ಅದರ ಅಂಚಿಗೆ ಸುಣ್ಣದ ಬೊಟ್ಟಿಟ್ಟು ಗೂಟ ಹಿಡಿದೆ. ಕೆಮ್ಮುತ್ತ ಮಲಗಿದ್ದ ಅವ್ವ ಎದ್ದು ಬಂದಳು.

“ಬರೀ ಕಲ್ಲು ಅಂಗೆಲ್ಲ ತಿರುಗಿಸಬಾರ್ದು ಕಣೋ, ಮನೆಗೆ ಒಳ್ಳೇದಲ್ಲ,” ಎಂದು ಹಿಡಿ ರಾಗಿ ಹಾಕಿ ತಾನೇ ತಿರುಗಿಸತೊಡಗಿದಳು. “ನಿಮ್ ಕಾಲೇಜ್ನಾಗೂ ರಾಗಿ ಬೀಸ್ತಾರೇನೋ?”

ಬೊಟ್ಟು ನನ್ನೆದುರು ಬಂದಾಗಲೆಲ್ಲ ಒಂದು ಸುತ್ತು. ನಿಮಿಷದ ಸುತ್ತುಗಳನ್ನು ಎರಡು ಪೈನಿಂದ ಗುಣಿಸಿ ಅರವತ್ತರಿಂದ ಭಾಗಿಸಿದರೆ ಕೋನೀಯ ವೇಗದ ಉತ್ತರ. ಪರೀಕ್ಷೆಯವರೆಗೆ ದಿನವೂ ಹೀಗೇ ನಡೆಯಿತು. ಉತ್ತರ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ಎಣಿಕೆ ತಪ್ಪಿಲ್ಲವೆಂದು ನನಗೆ ಗೊತ್ತಿತ್ತು.

“ಸಾಕು ಬಿಡವ್ವ.”

“ನೀನ್ ಪಾಸಾಗು, ಆಮ್ಯಾಕೆ ಮಲಗ್ತೀನಿ.”

ಪಾಸಾದೆ. ಫಲಿತಾಂಶ ಬರುವ ಹೊತ್ತಿಗೆ ಅವ್ವ ಇರಲಿಲ್ಲ. ಅಂದು ಮನೆಗೆ ಬಂದವನು ಕಲ್ಲಿನ ಮುಂದೆ ಕೂತೆ. ಸುಣ್ಣದ ಬೊಟ್ಟು ಹಾಗೇ ಇತ್ತು. ಹಿಡಿ ರಾಗಿ ಹಾಕಿ, ಆಮೇಲೇ ಗೂಟ ಹಿಡಿದೆ.