ಅತ್ತೆ ನೋಡಿದ ಹಳೆಯ ಕಿವುಡ, ಹೊಸ ಕಿವುಡ

ನಾನು ಮದುವೆಯಾಗಿ ಸಾಲಹಳ್ಳಿಯಿಂದ ಬೈಲಹೊಂಗಲಕ್ಕೆ ಬಂದ ಹೊಸತು. ಅತ್ತೆ ಹೆಚ್ಚು ಮಾತಿನವರಲ್ಲ. ಅವರ ಹೆಜ್ಜೆ ಸಪ್ಪಳ ಕೇಳಿದರೆ ನನ್ನ ಕೈಯೊಳಗಿನ ರೊಟ್ಟಿ ಹರಿಯುತ್ತಿತ್ತು. ಅಂಥವರು ಒಂದು ಮಧ್ಯಾಹ್ನ, "ಸೀರಿ ಬದಲ ಮಾಡಕೊ, ಸಿನಿಮಾಕ್ಕ ಹೋಗೂಣು" ಎಂದಾಗ ಗಾಬರಿಯಾದೆ.

ಅದೊಂದು ಹಾಸ್ಯ ಚಿತ್ರ. ಮನೆಯೊಡತಿಗೆ ದಿನವೂ ಗಂಡನೊಡನೆ ಜಗಳ. ಅದು ಊರಿಗೆ ಗೊತ್ತಾಗಬಾರದೆಂದು ಕಿವುಡರಿಗಷ್ಟೇ ಕೋಣೆ ಬಾಡಿಗೆಗೆ ಕೊಡುತ್ತಾಳೆ. ನಾಯಕ ಕಿವುಡನಂತೆ ನಟಿಸಿ ಸೇರಿಕೊಳ್ಳುತ್ತಾನೆ. ಅವನ ಬೆನ್ನ ಹಿಂದೆ ಹಿತ್ತಾಳೆ ಕೊಡ ಬೀಳುತ್ತದೆ. ಅವನು ತಿರುಗಿ ನೋಡುವುದಿಲ್ಲ. ಕೈಯಲ್ಲಿನ ಕಪ್ಪು-ಬಸಿ ಮಾತ್ರ ನಡುಗಿ ಚಹಾ ತುಳುಕುತ್ತದೆ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆ ನನ್ನತ್ತ ತಿರುಗಿ, "ಸೆರಗ ಹರದೀತು, ನಕ್ಕ ಬಿಡವಾ" ಎಂದರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. ಅವರ ಬಗ್ಗೆ ನನಗಿದ್ದ ಅಂಜಿಕೆ ಹೋದದ್ದು ಅವತ್ತೇ.

ಹೋದ ವರ್ಷ ಅದೇ ಕಥೆಯ ಚಿತ್ರ ಹೊಸದಾಗಿ ಬಂತು. ನನ್ನ ಮಗಳು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಅತ್ತೆಗೆ ಈಗ ನಿಜವಾಗಿಯೂ ಕಿವಿ ಮಂದ. ಯಂತ್ರ ಕೊಡಿಸಿದ್ದೇವೆ, ಗುಂಯ್ ಅನ್ನುತ್ತದೆಂದು ಡಬ್ಬಿಯಲ್ಲೇ ಇಟ್ಟಿರುತ್ತಾರೆ.

ಹೊಸದರಲ್ಲಿ ಕೊಡ ಒಂದೇ ಅಲ್ಲ, ಅಟ್ಟದ ಪಾತ್ರೆಗಳೆಲ್ಲ ಉರುಳಿದವು. ಹಿಂದೆಯೇ ಬೆಕ್ಕು, ಅದರ ಹಿಂದೆ ಪಟಾಕಿ. ನಾಯಕ ಕಣ್ಣು ಹೊರಳಿಸಿ ಕುಣಿದ. ನಕ್ಕವರು ನಕ್ಕರು, ಅತ್ತೆಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ, ಪರದೆಯ ಮಾತು ಕೇಳಿಸದೆ, ಹಳೆಯ ಚಿತ್ರದ ಮಾತುಗಳನ್ನು ತಾವೇ ಹೇಳತೊಡಗಿದರು. ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ತಿಳಿಯದು. ಒಡತಿ ಬಾಯಿ ತೆರೆದದ್ದೇ ತಡ, "ಕೋಣಿ ಐತಿ, ಕಿವಿ ಇರಬಾರದು!" ಎಂದು ಗಟ್ಟಿಯಾಗಿ ಅಂದರು. ಮುಂದಿನ ಸಾಲೇ ತಿರುಗಿ ನೋಡಿತು.

"ಆಯಿ, ಸಣ್ಣಗ!" ಎಂದು ಮಗಳು ಅಜ್ಜಿಯನ್ನು ತಿವಿದಳು.

ಹಿಂದೆ ಕೂತಿದ್ದ ಹಿರಿಯರೊಬ್ಬರು, "ಅನ್ಲಿ ಬಿಡ್ರಿ. ಅವರು ಹೇಳೂದ ಚೊಲೊ ಐತಿ" ಎಂದರು.

ಮಧ್ಯಂತರದ ನಂತರ ಹಳೆಯದರಲ್ಲಿ ಇರದ ಒಂದು ದೃಶ್ಯ ಬಂತು. ನಾಯಕನಿಗೆ ಕೇಳಿಸದೆಂದು ನಂಬಿದ ಒಡತಿ, ಅವನ ಪಕ್ಕದಲ್ಲೇ ಕೂತು ಕಾಳು ಆರಿಸುತ್ತ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳುತ್ತಾಳೆ. ಅದಕ್ಕೆ ಹೊಂದುವ ಮಾತು ಅತ್ತೆಯ ಬಳಿ ಇರಲಿಲ್ಲ.

"ಏನಂತಾಳವಾ ಆಕಿ?" ಎಂದು ನನ್ನ ಕಡೆ ಬಾಗಿದರು.

ಅವರ ಕಿವಿಗೆ ಬಾಯಿಟ್ಟು ಹೇಳಿದೆ: "ಗಂಡ ಮಾತಾಡೂದಿಲ್ಲಂತರಿ. ಮನ್ಯಾಗ ಇನ್ನೊಂದ ದನಿ ಕೇಳಲಿ ಅಂತನ ಆಕಿ ಜಗಳಾ ತಗೀತಾಳಂತ."

ಅತ್ತೆ ಮತ್ತೆ ಪರದೆಯತ್ತ ತಿರುಗಿದರು. ಆಮೇಲೆ, "ಹಳೇದ್ರಾಗ ಆಕಿ ಬರೇ ಬಾಯಿಬಡಕಿ ಇದ್ಲು. ಇದರಾಗ ಮನಷ್ಯಾಳ ಆಗ್ಯಾಳ ನೋಡ" ಎಂದರು.

ಹೊರಗೆ ಬಿಸಿಲಿಗೆ ಬಂದಾಗ ಮಗಳು, "ಯಾವ್ದು ಚೊಲೊ ಆಯಿ?" ಎಂದು ಕೂಗಿ ಕೇಳಿದಳು.

"ನಗಾಕ ಹಳೇದು" ಎಂದರು ಅತ್ತೆ. ನಾಲ್ಕು ಹೆಜ್ಜೆ ನಡೆದು, "ಆಕಿ ಸಲುವಾಗಿ ಇದೂ ಇರಲಿ" ಎಂದು ಸೇರಿಸಿದರು.

ಮರುದಿನ ಓಣಿಯ ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕಥೆ ಹೇಳುತ್ತಿದ್ದರು. ಹಳೆಯದು ಅರ್ಧ, ಹೊಸದು ಅರ್ಧ. ಅಂಥ ಚಿತ್ರವನ್ನು ಇನ್ನೂ ಯಾರೂ ತೆಗೆದಿಲ್ಲ. ಕೇಳಿದವರಲ್ಲಿ ಇಬ್ಬರು ಮರುದಿನವೇ ನೋಡಲು ಹೋಗುವುದೆಂದು ನಿರ್ಧರಿಸಿದರು. ನಾನು ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡೆ. ತಿದ್ದಲು ಹೋಗಲಿಲ್ಲ.