ಚೀಲದ ತೂಕ ಕಳೆದು

ಮಗಳು ಕಬಡ್ಡಿ ಆಡುವುದನ್ನು ನಾನು ಮೊದಲ ಸಲ ನೋಡಿದ್ದು, ಅವಳನ್ನು ಟೀಮಿನಿಂದ ಬಿಡಿಸಿಕೊಂಡು ಬರುತ್ತೇನೆಂದು ಸಿಟ್ಟಿನಲ್ಲಿ ಹೊರಟ ದಿನ. ಎರಡು ಸಾವಿರದ ಐದೋ ಆರೋ ಇರಬೇಕು. ಅವಳಾಗ ಏಳನೇ ಕ್ಲಾಸು. ದಿನಾ ಸಂಜೆ ಮಂಡಿ ತರಚಿಕೊಂಡು, ಯೂನಿಫಾರ್ಮಿನ ತುಂಬ ಕೆಸರು ಮಾಡಿಕೊಂಡು ಬರುತ್ತಿದ್ದಳು. ಪುಸ್ತಕದ ಚೀಲ ಮೂಲೆಯಲ್ಲಿ ಇಟ್ಟಲ್ಲೇ ಇರುತ್ತಿತ್ತು. ಹೋಬಳಿ ಮಟ್ಟದ ಪಂದ್ಯ ಇದೆ ಎಂದು ಗೊತ್ತಾದಾಗ, ಆಟದ ಮೇಷ್ಟರನ್ನು ಅಲ್ಲೇ ಹಿಡಿದು ಎರಡು ಮಾತು ಹೇಳಿಯೇ ಬರುವುದು ಎಂದು ಕೊಡೆ ಹಿಡಿದುಕೊಂಡು ಹೊರಟೆ.

ಹೋದಾಗ ಆಟ ಶುರುವಾಗಿತ್ತು. ನೆಲ ಜಾರದಿರಲೆಂದು ಅಂಕಣಕ್ಕೆ ಭತ್ತದ ಉಮಿ ಹರಡಿದ್ದರು. ನನ್ನ ಮಗಳು ಎಡಗಡೆಯ ಮೂಲೆಯಲ್ಲಿ ಸ್ವಲ್ಪ ಬಗ್ಗಿ, ಕೈ ಎರಡೂ ಮುಂದೆ ಚಾಚಿ ನಿಂತಿದ್ದಳು. ಮನೆಯಲ್ಲಿ ಒಂದು ಲೋಟ ಎತ್ತಿಡು ಎಂದರೆ ಮೂರು ಸಲ ಹೇಳಿಸಿಕೊಳ್ಳುವ ಹುಡುಗಿ, ಎದುರಿನ ಟೀಮಿನವಳು ಕಬಡ್ಡಿ ಕಬಡ್ಡಿ ಅನ್ನುತ್ತ ಹತ್ತಿರ ಬಂದದ್ದೇ ತಡ, ಹಾರಿ ಬಿದ್ದು ಪಾದದ ಗಂಟು ಹಿಡಿದುಬಿಟ್ಟಳು. ಆ ಹುಡುಗಿ ಎಳೆದಳು, ಕಾಲು ಕೊಡವಿದಳು, ನಡುಗೆರೆಯ ಕಡೆ ಕೈ ಚಾಚಿದಳು. ನಮ್ಮವಳು ಜಗ್ಗಲಿಲ್ಲ. ಬಾಯಲ್ಲಿ ಉಮಿ, ಕಣ್ಣು ಮುಚ್ಚಿದೆ, ಕೈ ಮಾತ್ರ ಬಿಡುವುದಿಲ್ಲ. ನಾನು ಕೊಡೆ ಎತ್ತಿ ಅದೆಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದಲ್ಲಿದ್ದವರು ನಾಲ್ಕು ಹೆಜ್ಜೆ ದೂರ ಹೋಗಿ ನಿಂತರು.

ಮನೆಗೆ ಬಂದಾಗ ಗಂಟಲು ಬಿದ್ದುಹೋಗಿತ್ತು. ನಮ್ಮವರು ಕೇಳಿದರು, "ಎಂತಾಯ್ತು? ಬಿಡಿಸ್ಕೊಂಡು ಬಂದ್ಯಾ?"

"ಮುಂದಿನ ಮ್ಯಾಚು ಶನಿವಾರ. ನೀವೂ ಬರ್ಬೇಕು," ಎಂದೆ.

ತಾಲ್ಲೂಕು ಮಟ್ಟದಲ್ಲೂ ಗೆದ್ದರು. ನರಸಿಂಹರಾಜಪುರದ ಪೇಟೆಯಲ್ಲಿ ತರಕಾರಿಗೆ ಹೋದರೂ "ನಿಮ್ಮ ಹುಡುಗಿ ಹಿಡಿದ್ರೆ ಬಿಡೋದೇ ಇಲ್ವಂತೆ" ಎಂದು ಜನ ಮಾತಾಡಿಸುತ್ತಿದ್ದರು. ನನಗೆ ಖುಷಿಯೋ ಖುಷಿ. ಅದುವರೆಗೆ ನಾನು ಅಡಿಕೆ ಅಂಗಡಿಯವರ ಹೆಂಡತಿ. ಈಗ ಕಬಡ್ಡಿ ಹುಡುಗಿಯ ಅಮ್ಮ. ಬೇಕೆಂದೇ ಎರಡು ಅಂಗಡಿ ಹೆಚ್ಚಿಗೆ ಹತ್ತಿ ಇಳಿಯುತ್ತಿದ್ದೆ.

ಆಮೇಲೆ ಕೊಪ್ಪದಲ್ಲಿ ಮೂರು ತಾಲ್ಲೂಕುಗಳ ಶಾಲೆಗಳ ಪಂದ್ಯಾವಳಿ ಅಂತಾಯಿತು. ಆಟದ ಮೇಷ್ಟರು ಮನೆಗೇ ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಲೋಟ ಕೆಳಗಿಟ್ಟು ಮೆಲ್ಲಗೆ ಹೇಳಿದರು, "ಅಲ್ಲಿ ತೂಕ ನೋಡ್ತಾರೆ ಅಮ್ಮ. ಈ ವಯಸ್ಸಿನವ್ರಿಗೆ ನಲವತ್ತೆಂಟು ಕೆಜಿ ಮೀರಂಗಿಲ್ಲ. ಇವ್ಳು ಎರಡು ಕೆಜಿ ಇಳಿಸ್ಬೇಕು."

ಅವತ್ತಿನಿಂದ ಮನೆಯ ಗಾಳಿಯೇ ಬದಲಾಯಿತು. ನಾಲ್ಕು ಅಕ್ಕಿರೊಟ್ಟಿ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದವಳು ಅರ್ಧಕ್ಕೆ ಬಂದಳು. ಸಂಜೆಗೆ ಸೌತೆಕಾಯಿ, ರಾತ್ರಿಗೆ ಗಂಜಿಯ ತಿಳಿ. ಮಾತಾಡಿಸಿದರೆ ಸಿಡಿಮಿಡಿ. ಒಂದು ದಿನ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತಳಂತೆ. ಸುದ್ದಿ ತಿಳಿದವಳೇ ಶಾಲೆಗೆ ಓಡಿ ಕರೆದುಕೊಂಡು ಬಂದೆ. ಸಕ್ಕರೆ ಹಾಕಿದ ಹಾಲು ಕೊಟ್ಟರೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ತಲೆಯಾಡಿಸಿದಳು.

"ಸಾಕು, ಬಿಟ್ಟುಬಿಡು. ಉಣ್ಣದೇ ಆಡೋ ಆಟ ಎಂತಕ್ಕೆ?" ಎಂದೆ.

"ಬಿಟ್ರೆ ನಾನು ಯಾರು ಅಮ್ಮ? ಕ್ಲಾಸಲ್ಲಿ ಹಿಂದಿನ ಬೆಂಚು, ಅಷ್ಟೇ," ಎಂದಳು.

ನನಗೆ ಕೋಪ ಬಂತು, ಯಾರ ಮೇಲೆ ಎಂದೇ ತಿಳಿಯಲಿಲ್ಲ. ಇವಳನ್ನು ಯಾರೂ ಎಳೆದುಕೊಂಡು ಹೋಗಲಾರರು ಅನ್ನುವುದೇ ಇವಳ ಆಟ, ಆ ಗಟ್ಟಿತನವನ್ನೇ ಕರಗಿಸಿಕೊಂಡು ಬಾ ಅನ್ನುತ್ತಾರಲ್ಲ. ನಿಜ ಹೇಳಬೇಕೆಂದರೆ ಬಿಡಿಸಲು ನನಗೂ ಮನಸ್ಸಿರಲಿಲ್ಲ. ಶೃಂಗೇರಿ ಟೀಮಿನಲ್ಲಿ ಕೆರೆಕಟ್ಟೆ ಕಡೆಯ ಉದ್ದನೆಯ ಹುಡುಗಿಯೊಬ್ಬಳಿದ್ದಾಳೆ, ಆ ವರ್ಷ ಅವಳನ್ನು ಒಬ್ಬರೂ ಹಿಡಿದಿಲ್ಲ ಎಂದು ಸುದ್ದಿಯಿತ್ತು. ಆ ಕಾಲು ನನ್ನ ಮಗಳ ಕೈಯಲ್ಲಿ ಸಿಕ್ಕಿದ ಹಾಗೆ ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಎಲ್ಲ ನನಗೆ ಕಾಣುತ್ತಿತ್ತು.

ಕೊನೆಗೆ ನಮ್ಮವರು ರಾಜಿ ಮಾಡಿಸಿದರು. ಬೆಳಿಗ್ಗೆ ಮಧ್ಯಾಹ್ನ ಸರಿಯಾಗಿ ಉಣ್ಣಬೇಕು. ಶಾಲೆಯಿಂದ ಬರುವಾಗ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಬೇಕು. ಉಂಡೂ ತೂಕ ಇಳಿದರೆ ಕೊಪ್ಪಕ್ಕೆ, ಇಲ್ಲದಿದ್ದರೆ ಟೀಮಿಗೆ ನಮಸ್ಕಾರ. ಮಗಳು ಒಪ್ಪಿದಳು, ನಾನೂ ಒಪ್ಪಿದೆ.

ಅಂಗಡಿಯದು ಅಡಿಕೆ ಮೂಟೆ ತೂಗುವ ದೊಡ್ಡ ತಕ್ಕಡಿ. ನಮ್ಮವರು ಮೂಟೆಯ ತೂಕ ಕೂಗುವ ರಾಗದಲ್ಲೇ ಮಗಳ ತೂಕವನ್ನೂ ಕೂಗುವರು. ಅಡಿಕೆ ತಂದ ರೈತರೆಲ್ಲ ನಕ್ಕು "ಯಾವ ಮಾಲು ಮಾರಾಯ್ರೆ ಇದು?" ಅನ್ನುವರು. ಹೊರಡುವ ಹಿಂದಿನ ಸಂಜೆ ನಾನೂ ಹೋಗಿ ನಿಂತಿದ್ದೆ. ಮಗಳು ಚಪ್ಪಲಿ ಬಿಟ್ಟು ಹತ್ತಿದಳು. ನಮ್ಮವರು ಕಲ್ಲು ಹಾಕಿ, ತೆಗೆದು, ಮುಳ್ಳು ನೋಡಿ ಕೂಗಿದರು: "ನಲವತ್ತೇಳೂ ಮುಕ್ಕಾಲು."

ಅವಳು ತಕ್ಕಡಿಯಿಂದ ಹಾರಿದ ರಭಸಕ್ಕೆ ಕಲ್ಲುಗಳು ಗಡಗಡ ಅಂದವು. ಅವತ್ತು ರಾತ್ರಿ ಒಂದೂವರೆ ರೊಟ್ಟಿ ತಿಂದಳು. ನಾನು ಬೆಳಗ್ಗೆ ಬೇಗ ಎದ್ದು ಇಡೀ ಟೀಮಿಗೆ ಆಗುವಷ್ಟು ಕಡುಬು ಬೇಯಿಸಿ, ಕಾಯಿ ಚಟ್ನಿ ಮಾಡಿ, ದೊಡ್ಡ ಕ್ಯಾರಿಯರಿಗೆ ತುಂಬಿದೆ. ಗೆದ್ದ ಮೇಲೆ ತಿನ್ನುವುದಕ್ಕೆ.

ನಾವಿಬ್ಬರೂ ಟೀಮಿನ ವ್ಯಾನಿನಲ್ಲೇ ಹೊರಟೆವು. ಕೊಪ್ಪದವರೆಗೂ ಹಾಡೇ ಹಾಡು. ತಿರುವುಗಳಲ್ಲಿ ಇಬ್ಬರು ಹುಡುಗಿಯರು ವಾಂತಿ ಮಾಡಿ, ಬಾಯಿ ತೊಳೆದುಕೊಂಡು, ಮತ್ತೆ ಹಾಡಿಗೆ ಸೇರಿಕೊಂಡರು. ಮೈದಾನದ ತುಂಬ ಜನ. ಆ ಉದ್ದನೆಯ ಹುಡುಗಿಯನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಕೊಕ್ಕರೆ ಹಾಗೆ ಕಾಲು ಎತ್ತಿ ಎತ್ತಿ ಓಡುತ್ತಿದ್ದಳು. ನಾನೇ ಆಡುವವಳೇನೋ ಅನ್ನುವ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ತೂಕದ ಮೇಜಿನ ಹತ್ತಿರ ಒಬ್ಬೊಬ್ಬರನ್ನೇ ಕರೆದರು. ನಮ್ಮವಳು ಮಿಷನ್ನು ಹತ್ತಿದಳು. "ನಲವತ್ತೆಂಟೂ ಮುಕ್ಕಾಲು. ಆಗಲ್ಲ," ಎಂದರು ಅಲ್ಲಿದ್ದವರು.

ನಮ್ಮವರು ಮುನ್ನುಗ್ಗಿದರು. "ನಿಮ್ಮ ಮಿಷನ್ನು ಸರಿ ಇಲ್ಲ. ನಿನ್ನೆ ನಾನೇ ತೂಗಿದೀನಿ. ಮೂವತ್ತು ವರ್ಷದಿಂದ ತೂಗ್ತಾ ಇದೀವಿ, ನಮ್ಮ ತಕ್ಕಡಿ ಮೇಲೆ ಯಾರೂ ಮಾತಾಡಿದ್ದಿಲ್ಲ. ಅಡಿಕೆ ಆಗಲಿ ಹುಡುಗಿ ಆಗಲಿ, ಚೀಲ ಕಳೆದು ಸರಿಯಾಗಿ..."

ಅಲ್ಲಿಗೆ ಮಾತು ನಿಂತಿತು. ಕೈ ಹಣೆಗೆ ಹೋಯಿತು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು, "ಚೀಲದ ಒಂದು ಕೆಜಿ ಕಳೆದೇ ಕೂಗಿದೀನಿ ಕಣೇ."

ಮೂಟೆ ತೂಗಿದಾಗ ಗೋಣಿಚೀಲದ ತೂಕ ಕಳೆದು ಅಡಿಕೆಯದಷ್ಟೇ ಹೇಳುವುದು ಅಂಗಡಿಯ ಪದ್ಧತಿ. ಅವರ ನಾಲಿಗೆಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ದಿನಾ ಸಂಜೆ ಹೆತ್ತ ಮಗಳಿಂದಲೂ ಒಂದು ಗೋಣಿಚೀಲ ಕಳೆದಿದ್ದರು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಮಗಳು ನಗಲಿಲ್ಲ.

ಮೇಷ್ಟರು ಕೆಟ್ಟವರಲ್ಲ, ಗೆಲುವಿನ ಹುಚ್ಚು ಅವರಿಗೂ ಹಿಡಿದಿತ್ತು. "ಒಂದು ಗಂಟೆ ಟೈಮಿದೆ. ಎರಡು ಸ್ವೆಟರ್ ಹಾಕ್ಕೊಂಡು ಮೈದಾನ ಸುತ್ಲಿ, ಬೆವರು ಇಳಿದ್ರೆ ಆಗೋಗ್ತದೆ. ನೀರು ಮಾತ್ರ ಕೊಡ್ಬೇಡಿ," ಎಂದರು. ಗೆಳತಿಯರು ಸ್ವೆಟರ್ ಬಿಚ್ಚಿ ಕೊಟ್ಟರು. ಮಗಳು ಒಂದನ್ನು ಹಾಕಿಕೊಂಡಳು. ಎರಡನೆಯದಕ್ಕೆ ಕೈ ತೂರಿಸಲು ಹೋದರೆ ತೋಳು ಸಿಗಲೊಲ್ಲದು. ತುಟಿ ಬಿಳಿಚಿತ್ತು. ಆಚೆ ಕಡೆ ಉದ್ದನೆಯ ಹುಡುಗಿ ಓಡುತ್ತಲೇ ಇದ್ದಳು. ಆ ಕಾಲನ್ನು ಇವಳು ಹಿಡಿಯುವುದನ್ನು ನೋಡಬೇಕು ಅನ್ನುವ ಆಸೆ ನನಗೆ ಇನ್ನೂ ಬಿಟ್ಟಿರಲಿಲ್ಲ. ಒಂದೇ ಗಂಟೆ, ಒಂದೇ ಆಟ.

ಆ ಸ್ವೆಟರನ್ನು ಅವಳ ಕೈಯಿಂದ ಕಿತ್ತುಕೊಂಡೆ. "ಮೇಷ್ಟ್ರೇ, ಇವ್ಳು ಟೀಮಲ್ಲಿಲ್ಲ. ಇವತ್ತೂ ಇಲ್ಲ, ಈ ವರ್ಷನೂ ಇಲ್ಲ. ತೂಕ ಕೇಳದ ಕಡೆ ಆಡ್ಲಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದು ಕ್ಯಾರಿಯರಿನ ಮುಚ್ಚಳ ತೆಗೆದೆ.

"ಗೆಲ್ಲೋವಾಗ ಕೊಡೆ ಎತ್ತಿ ಕುಣಿದಿದ್ದು ನೀನೇ," ಎಂದು ಮಗಳು ಅತ್ತಳು. ಹೌದು, ನಾನೇ. ಅಳುತ್ತಲೇ ಒಂದು ಕಡುಬು ಮುರಿದಳು, ಅಳುತ್ತಲೇ ಚಟ್ನಿಗೆ ಅದ್ದಿದಳು. ಮೂರನೆಯದರ ಹೊತ್ತಿಗೆ ಅಳು ನಿಂತಿತ್ತು. ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಗೆರೆಯ ಹತ್ತಿರ ಓಡಿ, ತನ್ನ ಜಾಗಕ್ಕೆ ನಿಂತವಳಿಗೆ ಪಾಠ ಹೇಳತೊಡಗಿದಳು.

ನಮ್ಮ ಹುಡುಗಿಯರು ಫೈನಲ್ಲಿಗೆ ಬಂದರು, ಅಲ್ಲಿ ಶೃಂಗೇರಿಯವರ ಎದುರು ಸೋತರು. ಉದ್ದನೆಯ ಹುಡುಗಿ ಮತ್ತೆ ಮತ್ತೆ ನಮ್ಮ ಎಡಮೂಲೆಗೇ ಬಂದು ಮುಟ್ಟಿ ಹೋದಳು. ನನ್ನ ಪಕ್ಕದಲ್ಲಿ ಮಗಳು "ಕಾಲು, ಕಾಲು" ಎಂದು ನನ್ನ ತೋಳನ್ನೇ ಹಿಂಡುತ್ತಿದ್ದಳು. ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಿದೆವು.

ಬಹುಮಾನ ಎಲ್ಲ ಮುಗಿದು, ಹುಡುಗಿಯರಿಗೆ ಕಡುಬು ಹಂಚುತ್ತಿದ್ದಾಗ ಯಾರೋ ಬೆನ್ನ ಹಿಂದೆ ಬಂದು ನಿಂತರು. ತಿರುಗಿದರೆ ಅದೇ ಹುಡುಗಿ. ಕೊರಳಲ್ಲಿ ಹಾರ, ಕಣ್ಣು ಡಬ್ಬಿಯ ಮೇಲೆ.

"ಆಂಟಿ, ಒಂದು ಸಿಗ್ತದಾ? ಮೊನ್ನೆಯಿಂದ ಸರಿಯಾಗಿ ಉಂಡಿಲ್ಲ. ತೂಕಕ್ಕೆ."

ಬೆಳಗಿನಿಂದ ನಾನು ಶತ್ರುವಿನ ಹಾಗೆ ನೋಡಿದ್ದು ಈ ಹಸಿದ ಮಗುವನ್ನು. ತಟ್ಟೆ ಕೊಡಲು ಹೊರಟರೆ ಮಗಳು ನನಗಿಂತ ಮೊದಲೇ ಡಬ್ಬಿಯನ್ನೇ ಅವಳ ಮುಂದೆ ಹಿಡಿದಿದ್ದಳು. ಇಬ್ಬರೂ ನೆಲದಲ್ಲಿ ಕೂತು ಉಳಿದದ್ದನ್ನೆಲ್ಲ ಖಾಲಿ ಮಾಡಿದರು.

"ನೀನು ಯಾಕೆ ಆಡ್ಲಿಲ್ಲ?" ಎಂದು ಆ ಹುಡುಗಿ ಕೇಳಿದಳು.

"ತೂಕ ಜಾಸ್ತಿ ಇತ್ತು. ಆಡಿದ್ರೆ ನಿನ್ನ ಹಿಡೀತಿದ್ದೆ."

"ನನ್ನನ್ನಾ? ಬಾ, ನೋಡನ."

ತಿಂದ ಮೇಲೆ ಸ್ವಲ್ಪ ಕೂತಿರಿ ಎಂದೆ. ಕೇಳುವವರು ಯಾರು? ಅಂಕಣ ಖಾಲಿಯಾಗಿತ್ತು, ತೂಕದ ಮಿಷನ್ನನ್ನು ಆಗಲೇ ಜೀಪಿಗೆ ಹಾಕಿದ್ದರು. ಆ ಹುಡುಗಿ ಹಾರ ತೆಗೆದು ನನ್ನ ಕೈಗೆ ಕೊಟ್ಟು, ಕಬಡ್ಡಿ ಕಬಡ್ಡಿ ಅನ್ನುತ್ತ ನಡುಗೆರೆ ದಾಟಿದಳು. ಎರಡೂ ಟೀಮಿನ ಹುಡುಗಿಯರು ಸುತ್ತ ನೆರೆದರು. ಮೇಷ್ಟರೂ ಬಂದು ನಿಂತರು. ಅವಳು ಬಲಕ್ಕೆ ಹೋದ ಹಾಗೆ ಮಾಡಿ ಎಡಮೂಲೆಗೆ ಕಾಲು ಬೀಸಿದಳು, ನನ್ನ ಮಗಳು ಹಾರಿ ಬಿದ್ದಳು. ಪಾದದ ಗಂಟು ಎರಡೂ ಕೈಯಲ್ಲಿ. ಅವಳು ಜಗ್ಗಿದಳು, ತಿರುಚಿದಳು, ನಡುಗೆರೆಯ ಕಡೆ ಬೆರಳು ಚಾಚಿದಳು, ಒಂದು ಗೇಣೂ ಮುಂದೆ ಹೋಗಲಾಗಲಿಲ್ಲ. ಉಸಿರು ಕಟ್ಟಿ ಕಬಡ್ಡಿ ನಿಂತು ನಗುವಾಯಿತು. ನಮ್ಮವಳೂ ಬಾಯಿಗೆ ಮಣ್ಣು ಮೆತ್ತಿಕೊಂಡು ನಗುತ್ತಿದ್ದಳು, ಕಾಲು ಮಾತ್ರ ಬಿಟ್ಟಿರಲಿಲ್ಲ.

ಪಕ್ಕದಲ್ಲಿ ನಮ್ಮವರು ಖಾಲಿ ಕ್ಯಾರಿಯರ್ ಹಿಡಿದು, ಅಂಗಡಿಯಲ್ಲಿ ಒಳ್ಳೆಯ ಮಾಲು ಬಂದಾಗ ನೋಡುವ ಹಾಗೆ ಮಗಳನ್ನು ನೋಡುತ್ತಿದ್ದರು.

"ಈ ಮಾಲಲ್ಲಿ ಕಳೆಯಕ್ಕೆ ಎಂತದೂ ಇರ್ಲಿಲ್ಲ ಮಾರಾಯ್ತಿ," ಎಂದರು.